ಜ್ಯುವೆಲ್ ಕೇಸ್, ಡಿಜಿಪ್ಯಾಕ್, ಪುಸ್ತಿಕೆ: ಪುಣೆಯ ಕನ್ನಡ ಬ್ಯಾಂಡೊಂದಕ್ಕೆ ಒಪ್ಪಿದ ಹೊದಿಕೆ

ಪುಣೆಯಲ್ಲಿದ್ದು ಕನ್ನಡದಲ್ಲಿ ಹಾಡುವ ನಮ್ಮ ತಂಡವು ತನ್ನ ಹಾಡುಗಳನ್ನು ಇದುವರೆಗೆ ಮೂರು ಬಗೆಯ ಹೊದಿಕೆಗಳಲ್ಲಿ ಹೊರತಂದಿದೆ. ಮೊದಲನೆಯದು ಪ್ಲಾಸ್ಟಿಕ್ಕಿನ ಜ್ಯುವೆಲ್ ಕೇಸಿನಲ್ಲಿ ಸೀಡಿ, ಎರಡನೆಯದು ಮಡಿಸುವ ರಟ್ಟಿನ ಡಿಜಿಪ್ಯಾಕಿನಲ್ಲಿ ಸೀಡಿ, ಮೂರನೆಯದು ಸೀಡಿಯೇ ಇಲ್ಲದ, ಒಳಪುಟದಲ್ಲಿ ಕ್ಯೂಆರ್ ಕೋಡ್ ಮುದ್ರಿಸಿದ 16 ಪುಟಗಳ ಸಾಹಿತ್ಯ ಪುಸ್ತಿಕೆ. ಮೂರರ ವಿನ್ಯಾಸವೂ ಅವುಗಳ ಜಾಹೀರಾತು, ಭಿತ್ತಿಪತ್ರಗಳ ಹೊಣೆಯೂ ನನ್ನ ಪಾಲಿಗೇ ಬಂದದ್ದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ನನ್ನ ಒಲವು ಪುಸ್ತಿಕೆಯ ಕಡೆಗಿದೆ. ಅದು ಅಗ್ಗವೆಂಬುದು ಎರಡನೆಯ ಕಾರಣ. ನಾವು ಎಂಥ ತಂಡವೆಂದು ಕೇಳುಗರಿಗೆ ತಿಳಿಸುವ ಕೆಲಸವನ್ನು ಮೂರರಲ್ಲಿ ಅದೊಂದೇ ಸರಿಯಾಗಿ ಮಾಡಿತೆಂಬುದು ಮೊದಲನೆಯದು.

ನಾವು ಹಾಡುವುದು ಹೆಚ್ಚಾಗಿ ಶಿಶುನಾಳ ಷರೀಫರ (1819–1889) ತತ್ವಪದಗಳನ್ನು ಮತ್ತು ವಚನಗಳನ್ನು. ಜೊತೆಗಿರುವುದು ಎಲೆಕ್ಟ್ರಿಕ್ ಗಿಟಾರ್, ಬೇಸ್ ಮತ್ತು ಡ್ರಮ್ಸ್. ಹಾಡು ಕಿವಿಗೆ ಬಿದ್ದ ಮೇಲೆ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಕನ್ನಡ ಸಂಘದ ಸಭಾಂಗಣದ ಹೊರಗೆ ಹಾಕಿದ ಮೇಜಿನ ಮೇಲೆ ಹಾಡು ಕೇಳಿಸುವುದಿಲ್ಲ, ಹೊದಿಕೆ ಮಾತ್ರ ಕಾಣುತ್ತದೆ. ಷರೀಫರ ಹೆಸರು ಕಂಡೊಡನೆ ಭಜನಾ ಮಂಡಳಿಯೆಂದು ತಿಳಿಯುವವರು ಒಂದು ಕಡೆ, ಗಿಟಾರಿನ ಚಿತ್ರ ಕಂಡೊಡನೆ ಇದು ನಮಗಲ್ಲವೆಂದು ಮುಂದೆ ಸಾಗುವವರು ಇನ್ನೊಂದು ಕಡೆ. ಈ ಇಬ್ಬರನ್ನೂ ನಿಲ್ಲಿಸುವ ಹೊದಿಕೆ ನಮಗೆ ಬೇಕಾಗಿತ್ತು.

ಜ್ಯುವೆಲ್ ಕೇಸಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅದರ ಮುಂಭಾಗವು 120 ಮಿಲಿಮೀಟರಿನ ಒಂದು ಚೌಕ, ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್. ಆ ಚೌಕದೊಳಗೆ ಕುರ್ತಾ ತೊಟ್ಟು ಸಾಲಾಗಿ ನಿಂತ ನಮ್ಮ ಛಾಯಾಚಿತ್ರ, ಹಿಂದೆ ಕಡುನೀಲಿಯಿಂದ ತಿಳಿನೀಲಿಗೆ ಇಳಿಯುವ ಬಣ್ಣ. ಮುಂಬೈ ಕನ್ನಡಿಗರ ಸಂಸ್ಥೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು, "ಯಾವ ಸ್ವಾಮಿಗಳ ಪ್ರವಚನದ್ರೀ ಇದು, ತಮ್ಮಾ?" ಎಂದು ಕೇಳಿದರು. ಅವರ ಊಹೆಯಲ್ಲಿ ತಪ್ಪೇನೂ ಇರಲಿಲ್ಲ. ಹೊದಿಕೆ ಹೇಳುತ್ತಿದ್ದುದು ಅದನ್ನೇ. ರೈಲಿನಲ್ಲಿ ಪೆಟ್ಟಿಗೆ ಸಾಗಿಸುವಾಗ ಕೇಸಿನ ಕೀಲುಗಳೂ ನಡುವಣ ಹಲ್ಲುಗಳೂ ಮುರಿಯುತ್ತವೆ. ಕೇಸಿನ ಬೆನ್ನಿನ, ಅಂದರೆ ಪಕ್ಕದ ಕಿರಿದಾದ ಅಂಚಿನ, ಮೇಲೆ ಹೆಸರಿದ್ದರೆ ಅಂಗಡಿಯ ಕಪಾಟಿನಲ್ಲಿ ಕಾಣುತ್ತದೆಂಬ ವಾದವೊಂದಿತ್ತು, ಆದರೆ ಮುಂಬೈಯ ಕಾಲಾ ಘೋಡಾದಲ್ಲಿದ್ದ ಸಂಗೀತದ ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಆ ಕಪಾಟು ಯಾವುದೆಂದು ನನಗಂತೂ ತಿಳಿಯದು.

ಇನ್ನು ಡಿಜಿಪ್ಯಾಕ್. ಕೈಯಲ್ಲಿ ಹಿಡಿದಾಗ ಮೂರರಲ್ಲಿ ಅತ್ಯಂತ ಚೆಂದದ್ದು ಅದೇ ಎಂಬುದನ್ನು ಒಪ್ಪಲೇಬೇಕು. ದಪ್ಪ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್ (ಮೇಲೆ ಅಂಟಿಸುವ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಫಿಲ್ಮ್), ಇಡೀ ಹೊದಿಕೆ ಅಚ್ಚ ಕಪ್ಪು, ಕಪ್ಪಿನ ಮೇಲೆ ತಂಡದ ಹೆಸರು ಮಾತ್ರ ಮಿರುಗುವಂತೆ ಸ್ಪಾಟ್ ಯುವಿ ಎಂಬ ಹೊಳಪು ಲೇಪ. ಭಜನಾ ಮಂಡಳಿಯೆಂದು ಇದನ್ನು ನೋಡಿ ಯಾರೂ ಹೇಳಲಾರರು. ಮಾದರಿ ಪ್ರತಿಯೊಂದನ್ನು ಮುದ್ರಣಾಲಯದವರು ಕೈಯಲ್ಲೇ ಮಡಿಸಿ ತೋರಿಸಿದಾಗ ನಾವೆಲ್ಲರೂ ಮೆಚ್ಚಿ ಮುಂಗಡ ಕೊಟ್ಟೆವು. ತೊಂದರೆ ಕಂಡದ್ದು ಪೂರ್ತಿ ಸರಕು ಮನೆಗೆ ಬಂದ ಮೇಲೆ, ಅದೂ ಒಂದೇ ಜಾಗದಲ್ಲಿ: ಬೆನ್ನಿನಲ್ಲಿ.

ಡಿಜಿಪ್ಯಾಕಿನ ಬೆನ್ನು ಎಂದರೆ ಎರಡು ಮಡಿಕೆಗಳ ನಡುವಿನ ಕಿರಿದಾದ ಪಟ್ಟಿ. ನಮ್ಮದರಲ್ಲಿ ಅದು 5 ಮಿಲಿಮೀಟರ್ ಇತ್ತು. ಆ ಎರಡೂ ಮಡಿಕೆಗಳ ಉದ್ದಕ್ಕೂ ಕಪ್ಪು ಶಾಯಿ ಬಿರಿದು, ಒಳಗಿನ ಬಿಳಿಯ ರಟ್ಟು ಗೆರೆಯಾಗಿ ಇಣುಕುತ್ತಿತ್ತು. ಕೆಲವು ಪ್ರತಿಗಳಲ್ಲಿ ಕೂದಲೆಳೆಯಷ್ಟು, ಕೆಲವದರಲ್ಲಿ ಕಣ್ಣಿಗೆ ಹೊಡೆಯುವಷ್ಟು. ತಿಳಿಬಣ್ಣದ ಹೊದಿಕೆಯಾಗಿದ್ದರೆ ಈ ಬಿರುಕು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅಚ್ಚ ಕಪ್ಪಿನಲ್ಲಿ ಬೇರೇನೂ ಕಾಣದಂತಾಯಿತು. ಮುದ್ರಣಾಲಯದ ಮಾಲೀಕರು ಒಂದನ್ನು ತಿರುಗಿಸಿ ನೋಡಿ, "ಏವಢಂ ಚಾಲತಂ, ಸಾಹೇಬ" (ಇಷ್ಟು ನಡೆಯುತ್ತದೆ, ಸಾಹೇಬರೇ) ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಹೊಸ ಸರಕು ಮೇಜಿನ ಮೇಲೆ ಹಳೆಯ ದಾಸ್ತಾನಿನಂತೆ ಕಾಣುವುದು ಅವರ ಲೆಕ್ಕದಲ್ಲಿ ನಡೆಯುವ ಸಂಗತಿಯಾಗಿತ್ತು, ನಮ್ಮ ಲೆಕ್ಕದಲ್ಲಿ ಆಗಿರಲಿಲ್ಲ.

ಕಾರಣವನ್ನು ಹುಡುಕುತ್ತ ಹೋದಾಗ ಶಾಯಿಯ ದೋಷಕ್ಕಿಂತ ಕಾಗದವನ್ನು ಹೂಡಿದ ದಿಕ್ಕಿನ ದೋಷವೇ ದೊಡ್ಡದೆಂದು ತಿಳಿಯಿತು. ಕಾಗದದ ಗಿರಣಿಯಲ್ಲಿ ತಿರುಳು ಯಂತ್ರದ ಮೇಲೆ ಹರಿಯುವಾಗ ಅದರ ನಾರುಗಳು ಬಹುಮಟ್ಟಿಗೆ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಇದನ್ನು ಮುದ್ರಣದವರು ಗ್ರೇನ್ ಎನ್ನುತ್ತಾರೆ. ಗ್ರೇನಿಗೆ ಸಮಾನಾಂತರವಾಗಿ ಮಡಿಸಿದರೆ ನಾರುಗಳು ಒತ್ತಟ್ಟಿಗೆ ಬಾಗುತ್ತವೆ, ಅಡ್ಡವಾಗಿ ಮಡಿಸಿದರೆ ಮುರಿಯುತ್ತವೆ. ನಾರಿನ ಮೇಲಿರುವ ಆರ್ಟ್ ಕಾರ್ಡಿನ ನುಣುಪಾದ ಲೇಪವೂ ಲೇಪದ ಮೇಲಿನ ಶಾಯಿಯೂ ಆ ಮುರಿತದ ಜೊತೆಗೇ ಬಿರಿಯುತ್ತವೆ. ಒಂದು ಹಾಳೆಯಲ್ಲಿ ಇನ್ನೊಂದು ಪ್ರತಿ ಹೆಚ್ಚಿಗೆ ಹಿಡಿಸಲೆಂದು ನಮ್ಮ ಮುದ್ರಣಾಲಯವು ಹೊದಿಕೆಯ ನಕ್ಷೆಯನ್ನು 90 ಡಿಗ್ರಿ ತಿರುಗಿಸಿ ಹೂಡಿತ್ತು. ಅದರಿಂದ ಉಳಿದದ್ದು ಕೆಲವು ಹಾಳೆಗಳ ಬೆಲೆ. ಆದರೆ ಎರಡೂ ಮಡಿಕೆಗಳು ಗ್ರೇನಿಗೆ ಅಡ್ಡ ಬಂದವು. ಮಡಿಸುವ ಮೊದಲು ಸರಿಯಾದ ಆಳಕ್ಕೆ ಕ್ರೀಸಿಂಗ್ (ಮಡಿಕೆಯ ಜಾಗದಲ್ಲಿ ಗೆರೆ ಒತ್ತುವುದು) ಮಾಡಿದ್ದರೆ ಬಿರುಕು ಕಡಿಮೆಯಾಗುತ್ತಿತ್ತು, ಅದನ್ನೂ ಅವಸರದಲ್ಲಿ ಮೇಲುಮೇಲಕ್ಕೆ ಮುಗಿಸಿದ್ದರು. ದೀಪಾವಳಿಗೆ ಮುಂಚಿನ ತಿಂಗಳುಗಳಲ್ಲಿ ಪುಣೆಯ ಮುದ್ರಣಾಲಯಗಳು ಮರಾಠಿಯ ದೀಪಾವಳಿ ಅಂಕಗಳ ಕೆಲಸದಲ್ಲಿ ಮುಳುಗಿರುತ್ತವೆಂಬುದನ್ನು ಇಲ್ಲಿ ಬಲ್ಲವರೆಲ್ಲರೂ ಬಲ್ಲರು. ನಮ್ಮಂಥ ಚಿಕ್ಕ ಕೆಲಸಗಳಿಗೆ ಆಗ ಸಿಗುವುದು ಉಳಿದ ಗಮನ.

ಅದೇ ಬೆನ್ನಿನ ಇನ್ನೊಂದು ಸಂಕಟ ಕನ್ನಡಕ್ಕೇ ವಿಶೇಷವಾದದ್ದು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಅಂತಸ್ತಿನಲ್ಲಿ ನಿಲ್ಲುತ್ತವೆ, ಆದ್ದರಿಂದ 5 ಮಿಲಿಮೀಟರಿನ ಬೆನ್ನಿನಲ್ಲಿ ಅವು ಧಾರಾಳವಾಗಿ ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತಕ್ಷರ. ಮಡಿಕೆಗಳಿಂದ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಬಿಟ್ಟರೆ ಉಳಿಯುವ 3 ಮಿಲಿಮೀಟರಿನಲ್ಲಿ ಈ ಮೂರೂ ಅಂತಸ್ತುಗಳು ಹಿಡಿಸಬೇಕು, ಆಗ ಮೂಲಾಕ್ಷರಕ್ಕೆ ಅದರ ಅರ್ಧದಷ್ಟೂ ಸಿಗುವುದು ಕಷ್ಟ. ಅಷ್ಟು ಚಿಕ್ಕ ಬಿಳಿ ಅಕ್ಷರಗಳನ್ನು ಅಚ್ಚ ಕಪ್ಪಿನ ನಡುವೆ ಬಿಡಿಸಿದಾಗ ಸುತ್ತಲಿನ ಶಾಯಿ ಒಳಕ್ಕೆ ಹರಡಿ ಒತ್ತಕ್ಷರಗಳ ಹೊಟ್ಟೆ ಮುಚ್ಚಿಕೊಂಡಿತು. ಹೀಗೆ ತಂಡದ ಹೆಸರು ಅರ್ಧ ಓದಲಾಗದೆ, ಅದರ ಮೇಲೂ ಕೆಳಗೂ ಬಿಳಿಯ ಬಿರುಕು ಹೊತ್ತು ನಿಂತಿತು.

ಕೊನೆಯದಾಗಿ ಮಳೆಗಾಲ. ಹೊರಗಡೆ ಮಾತ್ರ ಲ್ಯಾಮಿನೇಷನ್ ಇರುವ ರಟ್ಟು ಒಳಬದಿಯಿಂದ ತೇವವನ್ನು ಹೀರಿ ಹಿಗ್ಗುತ್ತದೆ, ಫಿಲ್ಮಿನ ಬದಿ ಹಿಗ್ಗುವುದಿಲ್ಲ, ಆದ್ದರಿಂದ ಹೊದಿಕೆ ಫಿಲ್ಮಿನ ಕಡೆಗೆ ಸುರುಳಿಯಾಗುತ್ತದೆ. ಜುಲೈ ತಿಂಗಳ ಮುಂಬೈಯಲ್ಲಿ ಮೇಜಿನ ಮೇಲಿಟ್ಟ ನಮ್ಮ ಡಿಜಿಪ್ಯಾಕುಗಳು ಕಾರ್ಯಕ್ರಮ ಮುಗಿಯುವುದರೊಳಗೆ ಬಾಯಿ ತೆರೆದುಕೊಂಡಿದ್ದವು.

ಹೊದಿಕೆಯ ಸೊಗಸೇ ತೊಂದರೆಯಾಗುವುದು ಹೊಸತೇನಲ್ಲ. 1971ರಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ‘ಸ್ಟಿಕಿ ಫಿಂಗರ್ಸ್’ ಆಲ್ಬಮಿನ ಹೊದಿಕೆಯ ಮೇಲೆ ನಿಜವಾದ ಜಿಪ್ ಕೂರಿಸಿದ್ದರು. ಕಲ್ಪನೆ ಅಮೆರಿಕದ ಕಲಾವಿದ ಆಂಡಿ ವಾರ್ಹಾಲರದು. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಒಟ್ಟಿದಾಗ ಜಿಪ್ಪಿನ ಹಿಡಿ ಒತ್ತಿ ಧ್ವನಿಮುದ್ರಿಕೆಗೆ ತಗ್ಗು ಬೀಳತೊಡಗಿತು. ಒತ್ತು ಹಾಡಿನ ಗೆರೆಗಳ ಮೇಲೆ ಬೀಳದೆ ನಡುವಣ ಲೇಬಲಿನ ಮೇಲೆ ಬೀಳಲೆಂದು ಜಿಪ್ಪನ್ನು ಅರ್ಧ ಎಳೆದು ಸಾಗಿಸುವ ಉಪಾಯವನ್ನು ಅವರು ಕಂಡುಕೊಂಡರು. ಅಂಥ ತಂಡಕ್ಕೆ ಅದರಿಂದ ಸುದ್ದಿಯೇ ಆಯಿತು. ನಮ್ಮ ಬಿರುಕಿನಿಂದ ಯಾವ ಸುದ್ದಿಯೂ ಆಗಲಿಲ್ಲ.

ಪುಸ್ತಿಕೆಗೆ ಬೆನ್ನೇ ಇಲ್ಲ. ನಡುವೆ ಎರಡು ಸೆಂಟರ್ ಪಿನ್, ಅಷ್ಟೇ. ಕನ್ನಡ ಪುಸ್ತಕಗಳಿಗೆ ಒಗ್ಗಿರುವ ಡೆಮಿ 1/8 ಅಳತೆಯನ್ನೇ, ಅಂದರೆ ಸುಮಾರು 5.5×8.5 ಇಂಚನ್ನೇ ಇಟ್ಟುಕೊಂಡೆವು. ಡೆಮಿ ಹಾಳೆಯೊಂದನ್ನು ಮಡಿಸಿದರೆ 8 ಎಲೆ, 16 ಪುಟ ಸರಿಯಾಗಿ ಬರುವುದರಿಂದ ಕಾಗದ ವ್ಯರ್ಥವಾಗುವುದಿಲ್ಲ. ಒಳಗೆ ಸಾದಾ ಮ್ಯಾಪ್‌ಲಿಥೊ (ಲೇಪವಿಲ್ಲದ ಮುದ್ರಣ ಕಾಗದ), ಲ್ಯಾಮಿನೇಷನ್ ಇಲ್ಲ, ಆದ್ದರಿಂದ ಮಳೆಗೆ ಮೆತ್ತಗಾದರೂ ಸುರುಳಿಯಾಗುವುದಿಲ್ಲ. ಹಣ ಉಳಿದದ್ದು ಬಣ್ಣದಲ್ಲಿ: ಆಫ್‌ಸೆಟ್ ಮುದ್ರಣದಲ್ಲಿ ಬಣ್ಣಕ್ಕೊಂದು ಪ್ಲೇಟ್ ಬೇಕು, ಪ್ಲೇಟಿನ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ, ಹೀಗಾಗಿ ನಮ್ಮಂತೆ ಕಡಿಮೆ ಪ್ರತಿ ಹಾಕಿಸುವವರಿಗೆ ನಾಲ್ಕರ ಬದಲು ಎರಡು ಪ್ಲೇಟು ಎಂದರೆ ದೊಡ್ಡ ಉಳಿತಾಯ. ಒಂದು ಕಪ್ಪು, ಇನ್ನೊಂದು ಇಳಕಲ್ ಸೀರೆಯ ಸೆರಗಿನ ಕೆಂಪು, ಅದನ್ನು ಬೇರೆಯಾಗಿಯೇ ಕಲಸಿ ಹಾಕಿಸಿದೆವು. ಕಾವಿ ಬಣ್ಣ ಇರಲೆಂದು ತಂಡದಲ್ಲಿ ಒಬ್ಬರು ಸೂಚಿಸಿದ್ದರು. ಹಾಗೆ ಮಾಡಿದ್ದರೆ ಪ್ರವಚನದ ಪ್ರಶ್ನೆ ಮತ್ತೆ ಏಳುತ್ತಿತ್ತು.

ಎರಡೇ ಬಣ್ಣವೆಂದಾಗ ಛಾಯಾಚಿತ್ರವನ್ನು ಕೈಬಿಟ್ಟು ಗೆರೆಯ ಚಿತ್ರಕ್ಕೆ ಬರಬೇಕಾಯಿತು, ನಮ್ಮ ಗುರುತು ಹುಟ್ಟಿದ್ದೂ ಅಲ್ಲಿಯೇ. ಕಪ್ಪು ಗೆರೆಯಲ್ಲಿ ಒಂದು ಏಕತಾರಿ. ಅದರ ತಂತಿ ಕೆಳಗಿಳಿದು ಗಿಟಾರಿನ ಕೇಬಲಾಗಿ, ಕೆಂಪು ಬಣ್ಣದಲ್ಲಿ ಪುಟದಿಂದ ಪುಟಕ್ಕೆ ಹರಿದು, ಕೊನೆಯ ಪುಟದಲ್ಲಿ ಆಂಪ್ಲಿಫೈಯರಿಗೆ ಸೇರುತ್ತದೆ. ತತ್ವಪದದವರೂ ಹೌದು, ವಿದ್ಯುತ್ ಗಿಟಾರಿನವರೂ ಹೌದು ಎಂಬುದನ್ನು ಇದು ಒಂದು ಮಾತಿಲ್ಲದೆ ಹೇಳುತ್ತದೆ. 1950 ಮತ್ತು 60ರ ದಶಕಗಳಲ್ಲಿ ನ್ಯೂಯಾರ್ಕಿನ ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಿಕೆ ಸಂಸ್ಥೆಗೆ ರೀಡ್ ಮೈಲ್ಸ್ ಮಾಡಿಕೊಟ್ಟ ಹೊದಿಕೆಗಳಲ್ಲಿ ಅನೇಕವು ಕಪ್ಪಿನ ಜೊತೆ ಇನ್ನೊಂದೇ ಬಣ್ಣದವು. ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪು ಚಿತ್ರವನ್ನು ಕತ್ತರಿಸಿ, ಅಕ್ಷರವನ್ನೇ ದೊಡ್ಡದು ಮಾಡಿ ನಿಲ್ಲಿಸುತ್ತಿದ್ದ ಆ ಮಿತವ್ಯಯದ ರೀತಿಯೇ ಕ್ರಮೇಣ ಆ ಸಂಸ್ಥೆಯ ಚಹರೆಯಾಯಿತು. ನಮಗೆ ಧೈರ್ಯ ಬಂದದ್ದು ಅವುಗಳನ್ನು ನೋಡಿ.

ಜಾಹೀರಾತಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಮುಂಬೈ ಕನ್ನಡಿಗರನ್ನು ತಲುಪಲು ದಿನಪತ್ರಿಕೆಯ ಚಿಕ್ಕ ಜಾಹೀರಾತು ಇಂದಿಗೂ ಬೇಕು. ‘ಕರ್ನಾಟಕ ಮಲ್ಲ’ದಂಥ ಪತ್ರಿಕೆ ಅಲ್ಲಿನ ಹಿರಿಯರ ಮನೆಗಳಲ್ಲಿ ಈಗಲೂ ಇರುತ್ತದೆ. ಛಾಯಾಚಿತ್ರವು ಚುಕ್ಕಿಗಳ ಸಾಲುಗಳಾಗಿ ಅಚ್ಚಾಗುತ್ತದೆ: ಪತ್ರಿಕೆಯ ಕಾಗದದಲ್ಲಿ ಇಂಚಿಗೆ ಸುಮಾರು 85 ಸಾಲು, ಆರ್ಟ್ ಕಾಗದದಲ್ಲಿ 150ಕ್ಕೂ ಹೆಚ್ಚು. ಅಲ್ಲದೆ ಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಚುಕ್ಕಿಗಳನ್ನು ಊದಿಸುತ್ತದೆ. ಜ್ಯುವೆಲ್ ಕೇಸಿನಲ್ಲಿದ್ದ, ನಾವು ಸಾಲಾಗಿ ನಿಂತ ಛಾಯಾಚಿತ್ರ ಎರಡು ಅಂಕಣದ ಜಾಹೀರಾತಿನಲ್ಲಿ ಯಾವುದೋ ಸಂತಾಪ ಸೂಚನೆಯಂತೆ ಬಂದಿತ್ತು. ಡಿಜಿಪ್ಯಾಕಿನ ಕಪ್ಪು ಚೌಕ ಪತ್ರಿಕೆಯಲ್ಲಿ ಬೂದಿಬಣ್ಣದ ಚೌಕವಾಯಿತು. ಸ್ಪಾಟ್ ಯುವಿಯ ಮಿರುಗು ಪತ್ರಿಕೆಯಲ್ಲೂ ಇಲ್ಲ, ಫೋನಿನ ಪರದೆಯಲ್ಲೂ ಇಲ್ಲ. ಏಕತಾರಿಯ ಗೆರೆ ಮಾತ್ರ ಪತ್ರಿಕೆಯಲ್ಲಿ, ಗೋಡೆಯ ಭಿತ್ತಿಪತ್ರದಲ್ಲಿ, ಟೀಶರ್ಟಿನ ಸ್ಕ್ರೀನ್ ಪ್ರಿಂಟಿನಲ್ಲಿ, ಸ್ಟ್ರೀಮಿಂಗ್ ಆ್ಯಪಿನ ಉಗುರಗಲದ ಚೌಕದಲ್ಲಿ ಒಂದೇ ರೀತಿ ಕಂಡಿತು. ಸ್ಟ್ರೀಮಿಂಗಿಗೆ ಹಾಡು ತಲುಪಿಸುವ ವಿತರಕರು ಸಾಮಾನ್ಯವಾಗಿ ಕೇಳುವುದು 3000×3000 ಪಿಕ್ಸೆಲಿನ ಚಿತ್ರ. ಅದರಲ್ಲಿ ಜಾಲತಾಣದ ವಿಳಾಸವಾಗಲಿ ಬೆಲೆಯಾಗಲಿ ಇರಕೂಡದು, ಆದ್ದರಿಂದ ಮುಖಪುಟವನ್ನು ಮೊದಲಿನಿಂದಲೇ ಖಾಲಿಯಾಗಿ ಇಟ್ಟುಕೊಳ್ಳುವುದು ಲೇಸು.

ಮುದ್ರಣಾಲಯದ ಗಣಕದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗುವ ಕಾಟ ಮೂರಕ್ಕೂ ಸಮಾನ. ಅಕ್ಷರಗಳನ್ನು ಔಟ್‌ಲೈನಿಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಪಿಡಿಎಫ್ ಕೊಟ್ಟರೆ ಮುಗಿಯಿತು.

ಪುಸ್ತಿಕೆಗೂ ಕೊರತೆಗಳಿವೆ. ಉಡುಗೊರೆ ಕೊಡುವವರಿಗೆ ಅದು ಹಗುರವೆನಿಸುತ್ತದೆ. ಕೆಲವು ಹಿರಿಯರು ಕೋಡನ್ನು ಬಳಸಲಾರರು, ಮೇಜಿನ ಬಳಿ ನಿಂತು ಅವರ ಫೋನಿನಲ್ಲಿ ನಾವೇ ತೆರೆದುಕೊಡಬೇಕು. ಚಂದಾ ಕಟ್ಟಿ ಪಡೆಯುವ ಕ್ಯೂಆರ್ ಸೇವೆಯನ್ನು ನಂಬಿದರೆ ಚಂದಾ ನಿಂತ ದಿನ ಪುಸ್ತಿಕೆಯೂ ಮೂಕವಾಗುತ್ತದೆ. ನಮ್ಮದೇ ಜಾಲತಾಣದ ಪುಟವೊಂದಕ್ಕೆ ಕೋಡ್ ಕಟ್ಟಿದ್ದರಿಂದ ಹಾಡಿನ ಕೊಂಡಿ ಬದಲಾದರೂ ಮುದ್ರಿತ ಪ್ರತಿ ಕೆಡಲಿಲ್ಲ.

ದೊಡ್ಡ ನಗರಗಳ ಕ್ಲಬ್ಬುಗಳಲ್ಲಿ ನುಡಿಸುವ, ವಿದೇಶಕ್ಕೆ ಪ್ರತಿ ಕಳಿಸುವ, ಪ್ರತಿಯೊಂದಕ್ಕೆ ಐದುನೂರು ರೂಪಾಯಿ ಕೇಳಬಲ್ಲ ತಂಡಗಳಿಗೆ ಡಿಜಿಪ್ಯಾಕ್ ಸಲ್ಲುತ್ತದೆ. ಅವರು ತಿಳಿಬಣ್ಣದ ಬೆನ್ನನ್ನು ಆರಿಸಿ, ಗ್ರೇನಿನ ದಿಕ್ಕನ್ನು ಆರ್ಡರಿನಲ್ಲೇ ಬರೆಸಲಿ. ನಮ್ಮ ಕೇಳುಗರು ಮಾಟುಂಗ, ಡೊಂಬಿವಲಿ, ಪುಣೆಯ ಕನ್ನಡ ಸಂಘಗಳವರು. ಹಾಡಿಗಿಂತ ಮೊದಲು ಸಾಹಿತ್ಯವನ್ನು ಓದಿ, ತಮಗೆ ಗೊತ್ತಿರುವ ಪಾಠಕ್ಕಿಂತ ಬೇರೆಯಿದ್ದರೆ ಬಂದು ಕೇಳುವವರು. ಅಂಥವರ ಕೈಗೆ ಕೊಡಲು ದೊಡ್ಡ ಅಕ್ಷರದ ಪುಸ್ತಿಕೆಗಿಂತ ತಕ್ಕದ್ದು ನನಗೆ ಕಾಣಲಿಲ್ಲ. ಮುಂದಿನ ಆಲ್ಬಮಿಗೆ 32 ಪುಟ ಮಾಡುವುದೆಂದು ನಿಶ್ಚಯಿಸಿದ್ದೇವೆ. ಮುದ್ರಣಾಲಯವನ್ನು ಬದಲಿಸಿಯಾಗಿದೆ, ಕೆಲಸವನ್ನು ಈ ಸಲ ದೀಪಾವಳಿ ಕಳೆದ ಮೇಲೆಯೇ ಕೊಡುತ್ತೇವೆ.