1,500ರ ಗಾಡಿ, 2,400ರ ಗಾಡಿ: ನಮ್ಮ ಪಿಟ್ ಕ್ಲೀನಿಂಗ್ ಅನುಭವ

ಮೊದಲ ಗಾಡಿಗೆ ಒಂದು ಸ್ಟಾರ್ ಕೊಡುವುದಕ್ಕೂ ಮನಸ್ಸಿಲ್ಲ. ಎರಡನೆಯದಕ್ಕೆ ನಾಲ್ಕು. ಒಂದು ಸ್ಟಾರ್ ಯಾಕೆ ಹಿಡಿದುಕೊಂಡೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಬಡಾವಣೆಗೆ ಯುಜಿಡಿ, ಅಂದರೆ ಒಳಚರಂಡಿ ಲೈನ್, ಇಲ್ಲ. ಪ್ರತಿ ಚುನಾವಣೆಗೂ ಬರುತ್ತದೆ, ರಿಸಲ್ಟ್ ಆದಮೇಲೆ ವಾಪಸ್ ಹೋಗುತ್ತದೆ. ಹಾಗಾಗಿ ಮನೆ ಹಿಂದೆ ಸೆಪ್ಟಿಕ್ ಟ್ಯಾಂಕ್, ಇಲ್ಲಿ ಎಲ್ಲರ ಬಾಯಲ್ಲೂ ಅದು ಪಿಟ್. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಂತೆ. ನಾವು ಆರು ವರ್ಷ ಅದರ ಕಡೆ ತಲೆಯೇ ಹಾಕಿರಲಿಲ್ಲ. ಹೋದ ತಿಂಗಳು ಬಚ್ಚಲಲ್ಲಿ ನೀರು ವಾಪಸ್ ಬರೋಕೆ ಶುರುವಾದಾಗ ಎಚ್ಚರ ಆಯಿತು.

ಲೈಟ್ ಕಂಬದ ಮೇಲೆ ಹಳದಿ ಬಣ್ಣದಲ್ಲಿ 'ಪಿಟ್ ಕ್ಲೀನಿಂಗ್' ಅಂತ ಒಂದು ನಂಬರ್ ಇತ್ತು. ಫೋನ್ ಮಾಡಿದೆ. ಲೋಡಿಗೆ 1,500 ರೂಪಾಯಿ, ಅರ್ಧ ಗಂಟೆಯಲ್ಲಿ ಗಾಡಿ ಮನೆ ಮುಂದೆ. ಅಷ್ಟು ಬೇಗ ಬಂದದ್ದು ನೋಡಿ ಖುಷಿಯೇ ಆಯಿತು. ಟ್ಯಾಂಕರ್ ಮೇಲೆ ಹೆಸರಿಲ್ಲ. ನಂಬರ್ ಪ್ಲೇಟ್ ಮೇಲೆ ಕೆಸರು ಒಣಗಿ ಎರಡು ಅಂಕಿ ಮಾತ್ರ ಕಾಣುತ್ತಿತ್ತು. ಡ್ರೈವರ್ ಜೊತೆ ಇಬ್ಬರು ಹುಡುಗರು, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಏನೂ ಇಲ್ಲ. ಹಾರೆ ಹಾಕಿ ಚಪ್ಪಡಿ ಎಬ್ಬಿಸಿದರು, ಪೈಪು ಇಳಿಸಿದರು, ಪಂಪ್ ಆನ್ ಮಾಡಿದರು. ಮೇಲಿನ ನೀರೆಲ್ಲ ಹತ್ತೇ ನಿಮಿಷದಲ್ಲಿ ಹೋಯಿತು. ಆದರೆ ಅಡಿಯಲ್ಲಿ ಆರು ವರ್ಷದ ಗಸಿ ಗಟ್ಟಿಯಾಗಿ ಕೂತಿತ್ತಲ್ಲ, ಪೈಪಿಗೆ ಅದು ಬಗ್ಗಲಿಲ್ಲ, ಸುಮ್ನೆ ಗೊರಗೊರ ಅಂತ ಸದ್ದು ಮಾಡಿತು ಅಷ್ಟೇ.

ಡ್ರೈವರ್ ನನ್ನ ಕಡೆ ತಿರುಗಿ, "ಸಾರ್, ಇನ್ನೊಂದು 500 ಕೊಡಿ, ಹುಡುಗ ಇಳಿದು ಬಕೆಟಲ್ಲಿ ಎತ್ತಿಬಿಡ್ತಾನೆ" ಅಂದ. ಹುಡುಗ ಆಗಲೇ ಅಂಗಿ ಬಿಚ್ಚುತ್ತಿದ್ದ.

ನಿಜ ಹೇಳುತ್ತೇನೆ, ಮೊದಲು ನನ್ನ ತಲೆಗೆ ಬಂದದ್ದು 500 ಜಾಸ್ತಿ ಆಯಿತಲ್ಲ ಅನ್ನುವುದು. 300ಕ್ಕೆ ಇಳಿಸೋಣ ಅಂತ ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಅಡುಗೆಮನೆ ಕಿಟಕಿಯಿಂದ ನನ್ನಾಕೆ ಕೂಗಿದಳು: "ರೀ, ಯಾರನ್ನೂ ಒಳಗೆ ಇಳಿಸಬೇಡಿ. ಮೊದಲು ಜೈಲಿಗೆ ಹೋಗೋದು ನೀವು!" ಅವಳು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಇಂಥವು ಅವಳಿಗೆ ಬಾಯಿಪಾಠ.

ಆಮೇಲೆ ನಾನೂ ಕೂತು ಓದಿದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಇದೆಯಲ್ಲ, ಅದರ 7ನೇ ಸೆಕ್ಷನ್ ಪ್ರಕಾರ ಸುರಕ್ಷಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ನೇರವಾಗಿಯೂ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದ ತನಕ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನುರಹಿತ ಕೇಸು. ಗಾಡಿಯವನೊಬ್ಬನೇ ಅಲ್ಲ, 300ಕ್ಕೆ ಚೌಕಾಸಿ ಮಾಡುವ ಮನೆ ಯಜಮಾನನೂ ಈ ಬಲೆಗೆ ಬೀಳುತ್ತಾನೆ.

ಜೈಲಿನ ಮಾತು ಪಕ್ಕಕ್ಕಿರಲಿ. ಪಿಟ್‌ನೊಳಗೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಇರುತ್ತದೆ, ಹೈಡ್ರೋಜನ್ ಸಲ್ಫೈಡ್. ಅದು ಜಾಸ್ತಿ ಆದಾಗ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ಒಳಗಿರುವವನು 'ವಾಸನೆ ಹೋಯ್ತು' ಅಂದುಕೊಳ್ಳುತ್ತಾನೆ, ಆಮೇಲೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಪೇಪರಿನಲ್ಲಿ ಇಂಥ ಸಾವುಗಳು ಎರಡು, ಮೂರು ಅಂತ ಜೊತೆಜೊತೆಯಾಗಿ ಬರುವುದು ಇದಕ್ಕೇ. ಹೀಗೆ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 70ರ ದಶಕದಲ್ಲಿ. ಐವತ್ತು ವರ್ಷ ಆದಮೇಲೂ ನಮ್ಮ ಹಿತ್ತಲಲ್ಲಿ ಒಬ್ಬ ಹುಡುಗ ಅಂಗಿ ಬಿಚ್ಚುತ್ತಿದ್ದ.

ಅರ್ಧಕ್ಕೇ ನಿಲ್ಲಿಸಿ ದುಡ್ಡು ಕೊಟ್ಟೆ. ಲೈಸೆನ್ಸ್ ತೋರಿಸು ಅಂದರೆ "ಓನರ್ ಹತ್ರ ಇದೆ". ಎಲ್ಲಿ ಸುರಿಯುತ್ತೀಯ ಅಂದರೆ "ಅದೆಲ್ಲ ನಮಗೆ ಬಿಡಿ ಸಾರ್". ಗಾಡಿ ಹೊರಟದ್ದು ಕೆರೆ ಏರಿ ಕಡೆಗೆ. ಆ ಕಡೆ ಕೆರೆ ಬಿಟ್ಟರೆ ಬೇರೇನೂ ಇಲ್ಲ. ಜನ ಬಳಸುವ ಕೆರೆ ನೀರನ್ನು ಬೇಕಂತಲೇ ಕೆಡಿಸಿದರೆ ಹಳೇ ಐಪಿಸಿಯಲ್ಲಿ 3 ತಿಂಗಳು ಜೈಲು ಅಥವಾ 500 ರೂಪಾಯಿ ದಂಡ ಇತ್ತು. ಅಂದರೆ ಬಕೆಟ್ ಕೆಲಸಕ್ಕೆ ಅವನು ನನ್ನ ಹತ್ತಿರ ಕೇಳಿದಷ್ಟೇ! ಅದರ ಜಾಗಕ್ಕೆ 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನಲ್ಲಿ ಅದು 6 ತಿಂಗಳು, 5,000 ಆಗಿದೆ. ನಾಲ್ಕು ಲೋಡಿನ ಕಾಸಲ್ಲಿ ದಂಡ ಕಟ್ಟಿ ಚಿಲ್ಲರೆ ಉಳಿಸಿಕೊಳ್ಳಬಹುದು. ಇಂಥವರು ಜೈಲಿಗಲ್ಲದೆ ಬೇರೆ ಯಾವುದಕ್ಕೂ ಹೆದರುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಇನ್ನು ಎರಡನೇ ಗಾಡಿ. ಇದು ಪುರಸಭೆಯ ಸಕ್ಕಿಂಗ್ ಗಾಡಿ. ಕಚೇರಿಗೆ ಹೋಗಿ 2,400 ಕಟ್ಟಿ ರಸೀದಿ ಮಾಡಿಸಬೇಕು. ನಾಲ್ಕು ದಿನ ಕಾಯಿಸಿದರು. ಅಷ್ಟೂ ದಿನ ಸ್ನಾನಕ್ಕೆ ಅತ್ತೆ ಮನೆಗೆ ಹೋಗಿಬಂದೆವು. ಹಿಡಿದುಕೊಂಡ ಆ ಒಂದು ಸ್ಟಾರ್ ಇದಕ್ಕೇ. ಹೀಗೆ ನಾಲ್ಕು ದಿನ ಕಾಯಿಸುವುದರಿಂದಲೇ ಕಂಬದ ಮೇಲಿನ ನಂಬರಿಗೆ ಫೋನ್ ಹೋಗುತ್ತದೆ, ಇದನ್ನು ಪುರಸಭೆಯವರು ಯಾರಾದರೂ ಓದಿದರೆ ಒಳ್ಳೆಯದು.

ಕೆಲಸ ಮಾತ್ರ ಅಚ್ಚುಕಟ್ಟು. ಇಬ್ಬರು ಬಂದರು, ಗಮ್‌ಬೂಟು, ಮೊಣಕೈವರೆಗೆ ಗ್ಲೌಸು. ಚಪ್ಪಡಿ ತೆಗೆದು ಗಾಳಿ ಆಡಲಿ ಅಂತ ಮುಕ್ಕಾಲು ಗಂಟೆ ಸುಮ್ನೆ ಬಿಟ್ಟರು. ಪಕ್ಕದಲ್ಲಿ ಬೀಡಿ ಹಚ್ಚಲು ಹೊರಟ ನಮ್ಮ ಬಾಡಿಗೆದಾರರನ್ನು, ಗ್ಯಾಸ್ ಇದೆ ಅಂತ ಗದರಿಸಿ ಕಳಿಸಿದರು. ಗಸಿಗೆ ಜೋರಾಗಿ ನೀರು ಬಿಟ್ಟು, ಉದ್ದನೆ ಗಳದಿಂದ ಮೇಲಿನಿಂದಲೇ ಕಲಕಿ, ತೆಳ್ಳಗೆ ಮಾಡಿ ಎಳೆದರು. ಎರಡು ಗಂಟೆ ಹಿಡಿಯಿತು, ಆದರೆ ಒಬ್ಬರೂ ಒಳಗೆ ಕಾಲಿಡಲಿಲ್ಲ. ನನ್ನ 500 ರೂಪಾಯಿ ಪ್ರಶ್ನೆಗೆ ಉತ್ತರ ಒಂದು ಬಿದಿರು ಗಳ!

ಇದನ್ನು ಎಲ್ಲಿಗೆ ಒಯ್ಯುತ್ತೀರಿ ಅಂತ ಇವರನ್ನೂ ಕೇಳಿದೆ. ಡ್ರೈವರ್ ಒಂದು ಪುಸ್ತಕ ತೋರಿಸಿದರು. ಮನೆ ವಿಳಾಸ, ಎಷ್ಟು ಲೀಟರು, ಶುದ್ಧೀಕರಣ ಘಟಕದಲ್ಲಿ ಇಳಿಸಿದ ಸಮಯ, ಅಲ್ಲಿಯವರ ಸಹಿ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದಂಥ ಘಟಕವೇ ನಮ್ಮ ಕಡೆಯೂ ಆಗಿದೆ. ಪಿಟ್ ಕೆಸರನ್ನೇ ಶುದ್ಧ ಮಾಡುವ ಇಂಥ ಘಟಕ ದೇಶದಲ್ಲಿ ಮೊದಲು ಬಂದದ್ದು ದೇವನಹಳ್ಳಿಗೆ.

ಖಾಸಗಿ ಗಾಡಿಯನ್ನೇ ಕರೆಸುವುದಾದರೂ ಈ ಪುಸ್ತಕ ಕೇಳಿ, ಪುರಸಭೆ ಕೊಟ್ಟ ಲೈಸೆನ್ಸ್ ಕೇಳಿ, ಎರಡನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಯಾರನ್ನಾದರೂ ಒಳಗೆ ಇಳಿಸುವುದು ಕಂಡರೆ ಸಹಾಯವಾಣಿ 14420ಕ್ಕೆ ಫೋನ್ ಮಾಡಬಹುದು. ಕೇಸು ಹಾಕಿಸುವ ಮನಸ್ಸಿದ್ದರೆ ತಡ ಮಾಡಬೇಡಿ, 2013ರ ಕಾಯ್ದೆಯಲ್ಲಿ ದೂರು ಕೊಡಲು ಇರುವುದು 3 ತಿಂಗಳು ಮಾತ್ರ.

ನಾನು ಹಳದಿ ನಂಬರಿನವನ ಮೇಲೆ ಪುರಸಭೆಗೆ ಬರೆದುಕೊಟ್ಟೆ. ಹೆಲ್ತ್ ಇನ್ಸ್‌ಪೆಕ್ಟರ್ ಬಂದು ಕಂಬಕ್ಕೆ ಸುಣ್ಣ ಬಳಿಸಿ ಹೋದರು. ಗಾಡಿ ಎಲ್ಲಿ, ಓನರ್ ಯಾರು ಅಂತ ಇನ್ನೂ ಹುಡುಕುತ್ತಿದ್ದಾರಂತೆ. ಆ ನಂಬರ್ ನನ್ನ ಮೊಬೈಲಲ್ಲೇ ಇದೆ, ಎರಡು ಸಲ ಕೊಟ್ಟಿದ್ದೇನೆ.