ಹಳೇ ಬಾನೆಟ್ ಗುಜರಿಗೆ ಕೊಡುವ ಮೊದಲು ಒಮ್ಮೆ ಇದನ್ನು ಓದಿ

ಹಳೇ ಅಂಬಾಸಿಡರ್‌ಗೋ ಪದ್ಮಿನಿಗೋ ಮನೆಯಲ್ಲೇ ಹೊಸ ಬಾನೆಟ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ, ವೆಲ್ಡಿಂಗ್ ಮೆಶಿನ್ ಅಂಗಳಕ್ಕೆ ಇಳಿಸುವ ಮೊದಲು ನನ್ನ ಕಥೆ ಕೇಳಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಕಾರು ಅಪ್ಪನದು, 1972ರ ಅಂಬಾಸಿಡರ್ ಮಾರ್ಕ್ 2. ಅಡಿಕೆ ಮೂಟೆ ಮಂಗಳೂರಿಗೆ ಹೋದದ್ದು ಅದರಲ್ಲೇ, ಅಕ್ಕನ ಮದುವೆ ದಿಬ್ಬಣ ಹೋದದ್ದೂ ಅದರಲ್ಲೇ. ಇಂಜಿನ್ ಇವತ್ತಿಗೂ ಗಟ್ಟಿ. ಬಾನೆಟ್ ಮಾತ್ರ ಮುಂದಿನ ಅಂಚಿನಲ್ಲಿ ತುಕ್ಕು ಹಿಡಿದು, ಬೆರಳಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

ಒಂದು ಗೇಣು ಉದ್ದದ ತುಕ್ಕು ಅಷ್ಟೆ. ಅಷ್ಟನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಆಸೆ. ಮೇಲೆ ಒಂದು ಗೂನು, ಅದಕ್ಕೊಂದು ಬಾಯಿ, ಗಾಳಿ ಒಳಗೆ ಹೋಗುವ ಹಾಗೆ ಸ್ಕೂಪ್ ಇದ್ದರೆ ಎಷ್ಟು ಚಂದ ಅಲ್ವಾ ಅಂತ. 1489 ಸಿಸಿಯ, ನಿಧಾನಕ್ಕೆ ಹೋಗುವ ಇಂಜಿನ್‌ಗೆ ಸ್ಕೂಪ್ ಯಾಕೆ ಅಂತ ಹೆಂಡತಿ ಕೇಳಿದಳು. ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೇಸ್ತ್ರಿ ಗೇಟು, ಶೀಟಿನ ಮಾಡು, ಕಿಟಕಿ ಗ್ರಿಲ್ ಮಾಡುವವರು. ಆ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ನಮ್ಮ ಅಡಿಕೆ ಒಣಗಿಸುವ ಮಾಡು ಕೂಡ ಅವರದೇ ಕೈಕೆಲಸ. ಹದಿನೆಂಟು ಸಾವಿರಕ್ಕೆ ಮಾತಾಯಿತು. ಹತ್ತು ಸಾವಿರ ಮುಂಗಡ ಕೊಟ್ಟೆ. ಹಿಂದೆ ಕಾರಿನ ಬಾನೆಟ್ ಮಾಡಿದ್ದೀರಾ ಅಂತ ಕೇಳಲಿಲ್ಲ. ಈಗ ಯೋಚಿಸಿದರೆ, ಕೇಳಿದ್ದರೆ ಅವರು ಸುಳ್ಳು ಹೇಳುವವರೂ ಅಲ್ಲ.

ಗೇಟಿನ ತಗಡು ಚಪ್ಪಟೆ, ಬಾನೆಟ್ ಎರಡೂ ಕಡೆಗೆ ಬಾಗಿದ್ದು. ಉದ್ದಕ್ಕೂ ಬಾಗು, ಅಡ್ಡಕ್ಕೂ ಬಾಗು. ಒಂದು ಕಡೆಗೆ ಮಾತ್ರ ಬಾಗಿಸುವುದಾದರೆ ಪೈಪಿನ ಮೇಲಿಟ್ಟು ಒತ್ತಿದರೆ ಸಾಕು. ಎರಡೂ ಕಡೆಗೆ ಬೇಕಾದರೆ ತಗಡನ್ನು ಮರಳಿನ ಚೀಲದ ಮೇಲಿಟ್ಟು ಬಡಿಯಬೇಕು, ಅಲ್ಲವಾದರೆ ಎರಡು ಉಕ್ಕಿನ ಚಕ್ರಗಳ ನಡುವೆ ಕೊಟ್ಟು ಉರುಳಿಸಬೇಕು. ಲೋಹ ಸ್ವಲ್ಪ ಸ್ವಲ್ಪವೇ ಹಿಗ್ಗಬೇಕು. ದಿನಗಟ್ಟಲೆ ಹಿಡಿಯುವ ಕೆಲಸ ಅದು. ನಮ್ಮ ಮೇಸ್ತ್ರಿ ಏನು ಮಾಡಿದರು ಗೊತ್ತಾ? ರವಿಕೆಗೆ ಟಕ್ಸ್ ಹಿಡಿದ ಹಾಗೆ ತಗಡಿನಲ್ಲಿ ಅಲ್ಲಲ್ಲಿ ಸೀಳು ಕತ್ತರಿಸಿ, ಮಡಚಿ, ಸೇರಿಸಿ, ವೆಲ್ಡ್ ಹೊಡೆದರು. ಏಳು ಸೀಳು. ನಾನು ಲೆಕ್ಕ ಮಾಡಿದ್ದೇನೆ.

ವೆಲ್ಡಿಂಗ್ ಗೇಟಿಗೆ ಹೊಡೆಯುವ ಅದೇ ರಾಡ್‌ನಲ್ಲಿ. ತೆಳು ತಗಡಿಗೆ ಅದರ ಶಾಖ ತಡೆಯುವುದಿಲ್ಲ. ಒಂದು ಕಡೆ ತೂತು ಬೀಳುತ್ತದೆ, ಇನ್ನೊಂದು ಕಡೆ ತಗಡು ಸೊಟ್ಟಗಾಗುತ್ತದೆ. ಬೆಸುಗೆ ತಣಿಯುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ, ಹಾಗಾಗಿ ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಹೊಡೆಯಲೇಬಾರದು. ರಾಡ್ ಬದಲು ತಂತಿ ತಾನಾಗಿ ಬರುವ ಮಿಗ್ ವೆಲ್ಡಿಂಗ್ ಮೆಶಿನ್‌ನಲ್ಲಿ 0.8 ಮಿಲಿಮೀಟರ್ ತಂತಿ ಹಾಕಿ, ಒಂದು ಚುಕ್ಕಿ ಇಲ್ಲಿ, ಇನ್ನೊಂದು ಚುಕ್ಕಿ ಅಲ್ಲಿ, ಮಧ್ಯೆ ತಣಿಯಲು ಬಿಟ್ಟು ಹೊಡೆಯಬೇಕು. ಇದೆಲ್ಲ ನಾನು ಕಲಿತದ್ದು ಆಮೇಲೆ, ಮಂಗಳೂರಿನಲ್ಲಿ ಕಾರಿನ ತಗಡು ಕೆಲಸ ಮಾಡುವ ಒಬ್ಬ ಹಿರಿಯ ಟಿಂಕರ್ ನನ್ನ ಬಾನೆಟ್ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡಾಗ.

ಮೇಸ್ತ್ರಿ ತಂದದ್ದು ಜಿಐ ತಗಡು, ಅಂದರೆ ಸತುವಿನ ಲೇಪ ಕೊಟ್ಟ ಉಕ್ಕಿನ ತಗಡು. "ತುಕ್ಕೇ ಹಿಡಿಯಲ್ಲ ಸಾರ್" ಅಂದರು. ಸರಿ, ಸತುವಿನ ಲೇಪ ಇರುವುದರಿಂದ ಬೇಗ ತುಕ್ಕು ಹಿಡಿಯುವುದಿಲ್ಲ. ಆದರೆ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಅಂದರೆ ವೆಲ್ಡ್ ತಾಗಿದ ಕೂಡಲೇ ಲೇಪ ಬಿಳಿ ಹೊಗೆಯಾಗಿ ಏಳುತ್ತದೆ. ಅವತ್ತು ಮುಂಗಾರಿನ ಮೊದಲ ಮಳೆ. ಶೆಡ್ಡಿನ ಮೂರೂ ಕಡೆ ಟಾರ್ಪಾಲು ಕಟ್ಟಿದ್ದೆವು. ತಗಡು ಅಲುಗದಂತೆ ಹಿಡಿದು ನಿಂತದ್ದು ನಾನು, ಮಧ್ಯಾಹ್ನದಿಂದ ಸಂಜೆವರೆಗೆ. ರಾತ್ರಿ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಆಮೇಲೆ ಹಲ್ಲು ಕಟಕಟ ಅನ್ನುವಷ್ಟು ಚಳಿ, ಮೈಕೈ ನೋವು, ಜ್ವರ. ಡೆಂಗಿ ಅಂದುಕೊಂಡು ಬೆಳಿಗ್ಗೆ ಡಾಕ್ಟರ ಹತ್ತಿರ ಓಡಿದೆ. ನಿನ್ನೆ ಏನು ಕೆಲಸ ಮಾಡಿದ್ರಿ ಅಂತ ಅವರು ಕೇಳಿದ ಮೇಲೆಯೇ ಇದು ಸತುವಿನ ಹೊಗೆಯಿಂದ ಬಂದ ಜ್ವರ ಅಂತ ಗೊತ್ತಾದದ್ದು. ಎರಡು ದಿನದಲ್ಲಿ ಇಳಿಯಿತು. ಮೇಸ್ತ್ರಿ ಮಾತ್ರ ನಗುತ್ತಾ, "ಬೆಲ್ಲ ತಿನ್ನಬೇಕಿತ್ತು" ಅಂದರು. ಬೆಲ್ಲದಿಂದ ಏನೂ ಆಗುವುದಿಲ್ಲ. ಲೇಪ ಉಜ್ಜಿ ತೆಗೆದು, ಬಯಲಿನಲ್ಲಿ, ಸರಿಯಾದ ಮಾಸ್ಕ್ ಹಾಕಿ ವೆಲ್ಡ್ ಮಾಡಬೇಕು. ಅದಕ್ಕಿಂತ ಒಳ್ಳೆಯದು ಲೇಪವಿಲ್ಲದ ಸಿಆರ್ (ಕೋಲ್ಡ್ ರೋಲ್ಡ್) ತಗಡೇ ತರುವುದು.

ಗ್ರೈಂಡರ್ ಇನ್ನೊಂದು ರಗಳೆ. ಕಾರು ಎರಡು ಮಾರು ದೂರದಲ್ಲೇ ಇತ್ತು, ಮೇಲೆ ಒಂದು ಗೋಣಿಯನ್ನೂ ಹಾಕಿರಲಿಲ್ಲ. ಕಿಡಿಗಳು ಗಾಜಿಗೆ ಹಾರಿ ಅಲ್ಲೇ ಅಂಟಿಕೊಂಡವು. ವಾರ ಕಳೆದ ಮೇಲೆ ಗಾಜಿನ ತುಂಬಾ ಕಂದು ಚುಕ್ಕೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಚುಕ್ಕೆಗಳ ಚಿಂತೆ ಆಮೇಲೆ ತಾನಾಗಿ ಮುಗಿಯಿತು. ಗಾಜೇ ಉಳಿಯಲಿಲ್ಲ.

ಬಾನೆಟ್ ಕೂರಿಸಿದ ದಿನ ಎಡಗಡೆ ಸಂದಿನಲ್ಲಿ ಪೆನ್ಸಿಲ್ ಹೋಗುತ್ತಿತ್ತು, ಬಲಗಡೆ ಹೆಬ್ಬೆರಳು. "ಪುಟ್ಟಿ ಹಾಕಿದರೆ ಎಲ್ಲ ಸರಿಯಾಗುತ್ತೆ" ಅಂದರು. ಹಾಕಿದರು. ಎಷ್ಟು ಅಂದರೆ, ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ತಂದು ಇಟ್ಟು ನೋಡಿದೆ, ಅರ್ಧ ಬಾನೆಟ್‌ನಲ್ಲಿ ನಿಲ್ಲಲೇ ಇಲ್ಲ, ಜಾರಿ ಬಿತ್ತು. ಒಳಗಡೆ ಕಂಪನಿ ಬಾನೆಟ್‌ಗೆ ಇರುವಂಥ ಒತ್ತಿದ ತಗಡಿನ ಫ್ರೇಮ್ ಇಲ್ಲ, ಅಂಚು ಮಡಚಿದ್ದೂ ಇಲ್ಲ. ಅದರ ಬದಲು 25 ಮಿಲಿಮೀಟರ್‌ನ ಕಬ್ಬಿಣದ ಆಂಗಲ್. ಮೀಟರಿಗೆ ಒಂದು ಕಿಲೋ ದಾಟುವ ಸಾಮಾನು ಅದು, ಆರು ಮೀಟರ್ ಹಾಕಿದ್ದರು. ಮೇಲಿನ ತಗಡು ಮಾತ್ರ ತೆಳು. ಐವತ್ತರ ವೇಗದಲ್ಲಿ ಬಾನೆಟ್ ಪಟಪಟ ಬಡಿದುಕೊಳ್ಳುತ್ತಿತ್ತು, ಗಾಳಿಗೆ ಬಾಳೆ ಎಲೆ ಬಡಿದ ಹಾಗೆ.

ಇನ್ನು ಸ್ಕೂಪ್. ಅದರ ಬಾಯಿ ಮುಂದಕ್ಕೆ, ತೆರೆದೇ ಇದೆ. ನಮ್ಮೂರ ಆಟಿ ತಿಂಗಳ ಮಳೆ ನಿಮಗೆ ಗೊತ್ತೇ ಇದೆ. ಸೀತಾಂಗೋಳಿ ದಾಟುವ ಮೊದಲೇ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಇಂಜಿನ್ ಕೆಮ್ಮಿ ನಿಂತಿತು. ಆ ಮಳೆಗಾಲ ಪೂರ್ತಿ ಸ್ಕೂಪ್ ಬಾಯಿಗೆ ಅಡಿಕೆ ಹಾಳೆ ಸಿಕ್ಕಿಸಿ ಓಡಿಸಿದೆ. ನೋಡಿದವರೆಲ್ಲ ಇದು ಯಾವ ಮಾಡೆಲ್ ಅಂತ ಕೇಳಿದರು.

ಇಲ್ಲಿವರೆಗೆ ಆದದ್ದು ದುಡ್ಡಿನ, ಮರ್ಯಾದೆಯ ನಷ್ಟ. ಬರೆಯಲು ಕೂತದ್ದು ಮುಂದಿನದಕ್ಕೆ.

ಬಾನೆಟ್‌ಗೆ ಎರಡು ಹಿಡಿತ ಇರುತ್ತದೆ. ಒಂದು ಮುಖ್ಯ ಲಾಚ್. ಅದು ಬಿಟ್ಟರೂ ಬಾನೆಟ್ ಒಂದು ಬೆರಳಷ್ಟೇ ಏಳುವಂತೆ ತಡೆಯುವ ಸಣ್ಣ ಕೊಕ್ಕೆ ಇನ್ನೊಂದು. ಬೆರಳು ತೂರಿಸಿ ತಪ್ಪಿಸುತ್ತೇವಲ್ಲ, ಅದೇ. ಹಳೇ ಬಾನೆಟ್‌ನಲ್ಲಿ ಅದು ಇತ್ತು. ಹೊಸದಕ್ಕೆ ಮೇಸ್ತ್ರಿ ಮುಖ್ಯ ಲಾಚಿನ ಪಿನ್ ಮಾತ್ರ ಕತ್ತರಿಸಿ ಕೂರಿಸಿದ್ದರು. ಕೊಕ್ಕೆ ಎಲ್ಲಿ ಅಂತ ಕೇಳಿದೆ. "ಲಾಕ್ ಗಟ್ಟಿ ಇದೆ, ಅದು ಬೇಡ" ಅಂದರು. ನಾನು ಹೂಂ ಅಂದೆ. ಆ ಹೂಂಗೆ ನನ್ನನ್ನು ನಾನೇ ಇನ್ನೂ ಬೈದುಕೊಳ್ಳುತ್ತಿದ್ದೇನೆ.

ದೀಪಾವಳಿ ಕಳೆದ ವಾರ ಮಂಜೇಶ್ವರಕ್ಕೆ ಹೊರಟಿದ್ದೆ. ಕುಂಬಳೆಯಲ್ಲಿ ಹೆದ್ದಾರಿ ಹತ್ತಿ, ಬಂದ್ಯೋಡು ದಾಟಿದ ಮೇಲೆ ಎಪ್ಪತ್ತರ ಹತ್ತಿರ ಇದ್ದೆ. ಹೊಸ ರಸ್ತೆ ನುಣ್ಣಗಿದೆ, ಕಾಲು ತಾನಾಗಿ ಒತ್ತುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು ಅಂತ ಶಾಲೆಯಲ್ಲಿ ಕಲಿತದ್ದು ಆಗ ಯಾರಿಗೆ ನೆನಪಿರುತ್ತದೆ? ಪಕ್ಕದಲ್ಲಿ ಲಾರಿಯೊಂದು ಹಾದುಹೋಯಿತು. ಬಾನೆಟ್ ಒಮ್ಮೆ ನಡುಗಿತು. ಆಮೇಲೆ ಎದುರಿಗೆ ರಸ್ತೆಯೇ ಇಲ್ಲ, ಬರೀ ಕಪ್ಪು. ಸದ್ದು ಕೇಳಿಸಿದ್ದು ಆಮೇಲೆ. ಗಾಜು ಕಲ್ಲುಸಕ್ಕರೆಯ ಹಾಗೆ ಮಡಿಲಿಗೆ ಸುರಿಯಿತು. ಮೇಲೆದ್ದ ಬಾನೆಟ್‌ನ ಕೆಳಗೆ, ಹಿಂಜಿನ (ಕೀಲಿನ) ಹತ್ತಿರ ಮೂರು ಬೆರಳಿನ ಸಂದು ಇತ್ತು. ಅದರಲ್ಲಿ ಬಿಳಿ ಗೆರೆ ಕಾಣುತ್ತಿತ್ತು. ತಲೆ ತಗ್ಗಿಸಿ ಅದನ್ನೇ ನೋಡುತ್ತಾ, ಬ್ರೇಕ್ ಒಮ್ಮೆಗೇ ತುಳಿಯದೆ, ಎಡಕ್ಕೆ ತಂದು ನಿಲ್ಲಿಸಿದೆ. ಹಿಂದೆ ಯಾರೂ ಹತ್ತಿರದಲ್ಲಿ ಇರಲಿಲ್ಲ. ಅಷ್ಟೇ ಪುಣ್ಯ. ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಮಗಳು ಕೂರುತ್ತಾಳೆ, ಅವತ್ತು ಶಾಲೆ ಇತ್ತು.

ಪಿನ್‌ನ ವೆಲ್ಡ್ ಪೂರ್ತಿ ಬಿಟ್ಟುಹೋಗಿತ್ತು. ಸತುವಿನ ಮೇಲೆಯೇ ಹೊಡೆದ ವೆಲ್ಡ್, ಒಡೆದ ಜಾಗದ ತುಂಬಾ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು.

ಮೇಸ್ತ್ರಿಗೆ ಫೋನ್ ಮಾಡಿದೆ. ಬೇರೆ ಮಾಡಿಕೊಡುತ್ತೇನೆ ಅಂದರು. ಬೇಡ ಅಂದೆ. ದುಡ್ಡು ವಾಪಸ್ ಬಂದಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ಹಳೇ ಬಾನೆಟ್ ಎಲ್ಲಿ ಅಂತೀರಾ? ಹೊಸದು ಕೂರಿಸಿದ ಮರುದಿನವೇ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿದ್ದೆ. ನಾನ್ನೂರು ರೂಪಾಯಿ ಚಿಲ್ಲರೆ. ಹುಡುಕಿಕೊಂಡು ಹೋದಾಗ ಲೋಡ್ ಹೋಗಿ ತಿಂಗಳುಗಳಾಗಿದ್ದವು. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಆಮೇಲೆ ಕಂಪನಿಯ ಬಾನೆಟ್ ಅಂದರೆ ಬೇರೆ ಯಾವುದೋ ಕಾರು ಸತ್ತಾಗ ಸಿಗುವುದು ಮಾತ್ರ. ಹೊಸದು ಕೂತು, ಎರಡು ಹಿಡಿತವೂ ಬಿದ್ದು, ಒಂದು ಮಳೆಗಾಲ ಕಳೆಯುವವರೆಗೆ ಹಳೆಯದು ಅಟ್ಟದಲ್ಲೇ ಇರಲಿ. ತುಕ್ಕು ಹಿಡಿದದ್ದಾದರೂ ಅಳತೆಗೆ ಬೇಕು.

ಇನ್ನೊಂದು ವಿಷಯ, ಐವತ್ತು ವರ್ಷ ದಾಟಿದ ಕಾರು ಇರುವವರಿಗೆ. 2021ರಲ್ಲಿ ಬಂದ ನಿಯಮದ ಪ್ರಕಾರ ಅಂಥ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್, ಇಂಜಿನ್ ಬದಲಾಗಿರಬಾರದು. ಗೂನು ಬಾನೆಟ್ ಇಟ್ಟುಕೊಂಡು ಇದು ಬಾಡಿ ಶೆಲ್‌ಗೆ ಸೇರುವುದಿಲ್ಲ ಸಾರ್ ಅಂತ ಅಧಿಕಾರಿ ಎದುರು ವಾದ ಮಾಡುವ ಕರ್ಮ ಯಾಕೆ?

ಈಗ ಮೂರು ತಿಂಗಳು ಅಲೆದು ಒಂದು ಬಾನೆಟ್ ಸಿಕ್ಕಿದೆ. ಹಲಸಿನ ಮರದ ಕೆಳಗೆ ಮಲಗಿದ್ದ ಹಳೇ ಟ್ಯಾಕ್ಸಿಯದು, ಬಣ್ಣ ಕಪ್ಪು, ನನ್ನ ಕಾರು ಬಿಳಿ. ಹಾಗೆಯೇ ಓಡಿಸುತ್ತಿದ್ದೇನೆ. ಕೊಕ್ಕೆ ಇದೆ, ಪ್ರತಿ ಸಲ ಹೊರಡುವ ಮೊದಲು ಬಾನೆಟ್ ಎತ್ತಿ ಎಳೆದು ನೋಡುತ್ತೇನೆ. ಗಾಜು ಲ್ಯಾಮಿನೇಟೆಡ್, ಅಂದರೆ ಒಡೆದರೂ ಚೂರು ಅಂಟಿಕೊಂಡೇ ಇರುವಂಥದ್ದು, ಹಾಕಿಸಿದೆ. ಹಿಂಜ್ ಎರಡೂ ಬಗ್ಗಿದ್ದವು, ಬಲಗಡೆಯದು ಬಡಿದು ನೇರ ಮಾಡಿದೆವು. ಎಡಗಡೆಯದು ಬಿರುಕು ಬಿಟ್ಟಿದೆ, ಅದಕ್ಕೆ ವೆಲ್ಡ್ ಹೊಡೆಸಲು ನನಗೆ ಧೈರ್ಯವಿಲ್ಲ. ಮಾರ್ಕ್ 2ರ ಎಡಗಡೆ ಹಿಂಜ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಕಾಸರಗೋಡಿನಿಂದ ಪುತ್ತೂರಿನವರೆಗೆ ಎಲ್ಲಿದ್ದರೂ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.