ಬ್ಯಾಕಪ್ ರೀಸ್ಟೋರ್ ಮಾಡಿ ನೋಡದೆ ಡೇಟಾಬೇಸ್ ಎಎಂಸಿಗೆ ಸಹಿ ಹಾಕಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಸರ್ಕಾರಿ ಕಚೇರಿಗಳ ಡೇಟಾಬೇಸ್ ನಿರ್ವಹಣೆಗೆ ಟೆಂಡರ್ ಹಾಕುವ ಸಣ್ಣ ಸಂಸ್ಥೆಗಳಿಗೆ ಈ ಎಚ್ಚರಿಕೆ. ಹಾಸನದ ಒಂದು ಕಚೇರಿಯ ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಹಿಡಿದವರಿಗೆ ಬಂದ ಪಾಡು ಇದು. ಹೆಸರುಗಳು ಬೇಡ.

ಮೊತ್ತ ವರ್ಷಕ್ಕೆ 3,60,000 ರೂಪಾಯಿ, ಜಿಎಸ್‌ಟಿ ಬೇರೆ. ಎಲ್‌1 (ಅತಿ ಕಡಿಮೆ ದರ ಹಾಕಿದವರು) ಆದ ಖುಷಿಯಲ್ಲಿ ಕಾರ್ಯಾದೇಶ ಕೈಗೆ ಬಂದ ದಿನವೇ ಹಸ್ತಾಂತರ ಪತ್ರಕ್ಕೂ ಸಹಿ ಬಿತ್ತು. ಅದರಲ್ಲಿದ್ದದ್ದು ಒಂದೇ ಸಾಲು: ‘ಸರ್ವರ್ ಹಾಗೂ ಡೇಟಾಬೇಸ್ ಸುಸ್ಥಿತಿಯಲ್ಲಿರುತ್ತವೆ’. ಹಿಂದಿನ ಗುತ್ತಿಗೆದಾರರು ಮಾಡಿಟ್ಟಿದ್ದೆಲ್ಲ ಆ ಸಾಲಿನೊಂದಿಗೆ ಹೊಸಬರ ತಲೆಗೆ ಬಂತು.

ಇದ್ದದ್ದು ಎಸ್‌ಕ್ಯೂಎಲ್ ಸರ್ವರ್ 2014. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2024ರ ಜುಲೈ 9ಕ್ಕೇ ನಿಲ್ಲಿಸಿದೆ. ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಫೈಲ್ ಹೇಗೆ ನಡೆಯಬೇಕೆಂದು ಹೇಳುವ ರಿಕವರಿ ಮಾಡೆಲ್ ‘ಫುಲ್’ ಎಂದಿತ್ತು, ರಾತ್ರಿ ಫುಲ್ ಬ್ಯಾಕಪ್ ನಿಗದಿಯಾಗಿತ್ತು, ಲಾಗ್ ಬ್ಯಾಕಪ್ ಮಾತ್ರ ಒಂದು ದಿನವೂ ತೆಗೆದಿರಲಿಲ್ಲ. ಫುಲ್ ಬ್ಯಾಕಪ್ ಆದರೆ ಲಾಗ್ ತಾನಾಗಿ ಖಾಲಿಯಾಗುತ್ತದೆ ಎಂದು ನಂಬಿದವರು ಈಗಲೂ ಇದ್ದಾರೆ. ಆಗುವುದಿಲ್ಲ. ಈ ಮಾಡೆಲ್‌ನಲ್ಲಿ ಲಾಗ್ ಬ್ಯಾಕಪ್ ಆದ ಮೇಲಷ್ಟೇ ಆ ಜಾಗ ಮರುಬಳಕೆಗೆ ಸಿಗುತ್ತದೆ. ಹಾಗಾಗಿ ಡೇಟಾ ಬರೀ 11 ಜಿಬಿ, ಲಾಗ್ ಫೈಲ್ 186 ಜಿಬಿ! ಬ್ಯಾಕಪ್ ಬೀಳುತ್ತಿದ್ದದ್ದೂ ಅದೇ ಡ್ರೈವ್‌ಗೆ. ಜಾಗ ಸಾಲದೆ 23 ದಿನಗಳಿಂದ ಬ್ಯಾಕಪ್ ಜಾಬ್ ಫೇಲ್ ಆಗುತ್ತಿತ್ತು. ಜಾಬ್ ಹಿಸ್ಟರಿ ತೆರೆದು ನೋಡಿದವರಿಲ್ಲ.

ಕೊನೆಗೊಂದು ದಿನ ಲಾಗ್ ತುಂಬಿದೆ ಎನ್ನುವ 9002 ಎರರ್ ಬಂದು ಕಚೇರಿ ಕೆಲಸ ನಿಂತಿತು. ಹೋದ ಹುಡುಗ ಸರ್ವಿಸ್ ನಿಲ್ಲಿಸಿ ಲಾಗ್ ಫೈಲನ್ನೇ ಡಿಲೀಟ್ ಮಾಡಿದ. ಡೇಟಾಬೇಸ್ ಸರಿಯಾಗಿ ಮುಚ್ಚಿರಲಿಲ್ಲ, ಆದ್ದರಿಂದ ಹೊಸ ಲಾಗ್ ಕಟ್ಟಿಕೊಳ್ಳದೆ ತೆರೆಯದೆ ‘ರಿಕವರಿ ಪೆಂಡಿಂಗ್’ ಎಂದು ಕೂತಿತು. ಮಾಡಬೇಕಿದ್ದದ್ದು ಇಷ್ಟೇ: 250 ಜಿಬಿಯಾದರೂ ಖಾಲಿ ಇರುವ ಹೊರಗಿನ ಡಿಸ್ಕ್ ಜೋಡಿಸಿ ಲಾಗ್ ಬ್ಯಾಕಪ್ ತೆಗೆದು, ಆಮೇಲೆ ಶ್ರಿಂಕ್‌ಫೈಲ್ ಆದೇಶ ಕೊಟ್ಟು ಲಾಗನ್ನು ನಾಲ್ಕೈದು ಜಿಬಿಗೆ ಇಳಿಸಿ, ಗಂಟೆಗೊಂದು ಲಾಗ್ ಬ್ಯಾಕಪ್ ನಿಗದಿ ಮಾಡುವುದು. ಕೆಲಸ ತಕ್ಷಣ ಶುರುವಾಗಲೇಬೇಕಿದ್ದರೆ ಬೇರೆ ಡ್ರೈವ್‌ನಲ್ಲಿ ಎರಡನೇ ಲಾಗ್ ಫೈಲ್ ಸೇರಿಸಬಹುದು. ಲಾಗ್ ಫೈಲನ್ನು ಅಳಿಸುವುದು ಯಾವ ಕಾಲಕ್ಕೂ ರಿಪೇರಿಯಲ್ಲ.

23 ದಿನ ಹಳೆಯ ಬ್ಯಾಕಪ್ ಹಾಕಿ, ನಡುವಿನ ದಾಖಲೆಗಳನ್ನು ರಿಜಿಸ್ಟರ್ ನೋಡಿಕೊಂಡು ಸ್ಕ್ರಿಪ್ಟ್ ಮೂಲಕ ತುಂಬಿದರು. ಅಲ್ಲಿ ಇನ್ನೊಂದು ಎಡವಟ್ಟು. ಕಾಲಮ್ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಬಗೆಯದಾಗಿದ್ದರೂ ಇನ್ಸರ್ಟ್ ಸಾಲಿನಲ್ಲಿ ಕನ್ನಡ ಪದದ ಉದ್ಧರಣ ಚಿಹ್ನೆಯ ಮುಂದೆ ಇಂಗ್ಲಿಷಿನ ‘ಎನ್’ ಅಕ್ಷರ ಇರಲಿಲ್ಲ. ಫಲಾನುಭವಿಗಳ ಹೆಸರೆಲ್ಲ ‘?????’ ಆಯಿತು. ಹಳೆಯ ನುಡಿ ಫಾಂಟಿನ ಡೇಟಾ ಕಲಸುಮೇಲೋಗರವಾಗಿ ಕಂಡರೆ ಪರಿವರ್ತಕದಿಂದ ಯೂನಿಕೋಡ್‌ಗೆ ತರಬಹುದು. ಪ್ರಶ್ನಾರ್ಥಕ ಚಿಹ್ನೆಯಾದ ಮೇಲೆ ಮೂಲ ಅಕ್ಷರವೇ ಉಳಿದಿರುವುದಿಲ್ಲ, ಮತ್ತೆ ಟೈಪ್ ಮಾಡುವುದೊಂದೇ ದಾರಿ.

ಒಟ್ಟು 9 ದಿನ ಕೆಲಸ ನಿಂತಿತು. ಕರಾರಿನಲ್ಲಿ ತಿಂಗಳಿಗೆ 99.5% ಲಭ್ಯತೆ ಎಂದಿತ್ತು. 720 ಗಂಟೆಗೆ ಅದು ಬರೀ 3.6 ಗಂಟೆ ಬಿಡುವು. ದಂಡ ದಿನಕ್ಕೆ ವಾರ್ಷಿಕ ಮೊತ್ತದ ಶೇ 1, ಗರಿಷ್ಠ ಮಿತಿ ಇಲ್ಲ. 90,000ದ ತ್ರೈಮಾಸಿಕ ಬಿಲ್‌ನಲ್ಲಿ 32,400 ಕಡಿತವಾಯಿತು. ಬಿಲ್ ಪಾಸಾಗಲಿ ಬಿಡಲಿ, ಇನ್‌ವಾಯ್ಸ್ ಕೊಟ್ಟ ಮೇಲೆ ಅದರ ಮೇಲಿನ 16,200 ಜಿಎಸ್‌ಟಿಯನ್ನು ಕಟ್ಟಲೇಬೇಕು. ಗುತ್ತಿಗೆ ಎರಡೂವರೆ ಲಕ್ಷ ದಾಟಿದ್ದರಿಂದ ಶೇ 2 ಜಿಎಸ್‌ಟಿ ಟಿಡಿಎಸ್ ಕೂಡ ಹಿಡಿಯುತ್ತಾರೆ. ಡಿಡಿಒ (ಕಚೇರಿಯ ಹಣ ಸೆಳೆಯುವ ಅಧಿಕಾರಿ) ರಿಟರ್ನ್ ಹಾಕಿದ ಮೇಲೆ ನೀವು ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಬಹಳ ಜನ ಇದನ್ನು ಮರೆತು ಆ ದುಡ್ಡು ಬಿಟ್ಟುಕೊಂಡಿರುತ್ತಾರೆ.

ಬಿಡ್‌ಗೆ ಮೊದಲೇ ಕೇಳಬೇಕಾದದ್ದನ್ನು ಲಿಖಿತವಾಗಿ, ಕೊನೆಯ ದಿನಾಂಕದೊಳಗೆ ಕೇಳಿ. ಬಾಯಿಮಾತಿನ ‘ನೋಡ್ಕೊಳ್ಳೋಣ ಬಿಡಿ ಸಾರ್’ ಕಡತಕ್ಕೆ ಸೇರುವುದಿಲ್ಲ. ದಂಡಕ್ಕೆ ಶೇ 10ರ ಮಿತಿ ಕೇಳಿ. ಆವೃತ್ತಿ ಯಾವುದು, ಲೈಸೆನ್ಸ್ ಯಾರದು ಎಂದು ಕೇಳಿ. ‘ಸಂಬಂಧಿಸಿದ ಎಲ್ಲ ಕೆಲಸಗಳು’ ಎಂಬ ಮಾತು ಕಂಡರೆ ಯಾವ ಯಾವ ಕೆಲಸ ಎಂದು ಬಿಡಿಸಿ ಬರೆಸಿ. ಇಲ್ಲವಾದರೆ ಆಷಾಢದ ಮಳೆಯಲ್ಲಿ ಸಕಲೇಶಪುರದ ಶಾಖೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಎರಡೇ ನಿಮಿಷಕ್ಕೆ ಕೈಕೊಟ್ಟರೂ ಬ್ಯಾಟರಿ ಖರ್ಚು ನಿಮ್ಮ ಮೇಲೆ ಬರುತ್ತದೆ.

ಹಸ್ತಾಂತರದ ದಿನ ಸಹಿಗೆ ಮೊದಲು ಅವರ ಕೊನೆಯ ಬ್ಯಾಕಪ್ಪನ್ನು ಕಚೇರಿಯದೇ ಇನ್ನೊಂದು ಕಂಪ್ಯೂಟರಿನಲ್ಲಿ, ವಿಷಯ ನಿರ್ವಾಹಕರ ಎದುರಿಗೇ ರೀಸ್ಟೋರ್ ಮಾಡಿ. ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಡಿ, ಜನರ ಮಾಹಿತಿ ಹೊರಗೆ ಹೋದರೆ ಅದು ಬೇರೆಯೇ ಕೇಸು. 2014ರ ಬ್ಯಾಕಪ್ 2012ರಲ್ಲಿ ತೆರೆಯುವುದಿಲ್ಲ. 11 ಜಿಬಿ ಡೇಟಾ 2014ರ ಉಚಿತ ಎಕ್ಸ್‌ಪ್ರೆಸ್‌ನಲ್ಲಿ ಹಿಡಿಸುವುದಿಲ್ಲ, ಅದರ ಮಿತಿ 10 ಜಿಬಿ. ಪರೀಕ್ಷೆಗೆ 2019ರ ಡೆವಲಪರ್ ಆವೃತ್ತಿ ಸಾಕು. ಆಮೇಲೆ ಡೇಟಾಬೇಸ್ ಕೆಟ್ಟಿಲ್ಲವೆಂದು ನೋಡುವ ಚೆಕ್‌ಡಿಬಿ ಓಡಿಸಿ, ಮೂರು ಮುಖ್ಯ ಟೇಬಲ್‌ಗಳ ಸಾಲು ಎಣಿಸಿ, ಇಪ್ಪತ್ತು ಕನ್ನಡ ಹೆಸರು ಓದಿ ನೋಡಿ. ಎಲ್ಲ ಅಧಿಕಾರವಿರುವ ‘ಎಸ್‌ಎ’ ಲಾಗಿನ್‌ನ ಪಾಸ್‌ವರ್ಡ್ ಬದಲಿಸಲೇಬೇಕು, ಹಿಂದಿನವರಿಗೆ ಗೊತ್ತಿರುತ್ತದೆ. ಆದರೆ ಅಪ್ಲಿಕೇಶನ್ ಅದೇ ಲಾಗಿನ್‌ನಲ್ಲಿ ಓಡುತ್ತಿದೆಯೇ ಎಂದು ಕಾನ್ಫಿಗ್ ಫೈಲ್ ನೋಡದೆ ಬದಲಿಸಿದರೆ ಮೊದಲ ದಿನವೇ ಕಚೇರಿ ಬಂದ್.

ಕಂಡ ದೋಷಗಳನ್ನೆಲ್ಲ ಪತ್ರದಲ್ಲಿ ಬರೆದು ಟಪಾಲು ಶಾಖೆಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲ್ ಹಾಕಿಸಿಕೊಳ್ಳಿ. ತ್ರೈಮಾಸಿಕ ವರದಿಗೂ ಹೀಗೇ ಮಾಡಿ. ಗುತ್ತಿಗೆಗೆ ಮೊದಲೇ ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಆಗಿದ್ದರೆ ಎಂಎಸ್‌ಎಂಇ ಕಾಯ್ದೆಯಂತೆ ಬಿಲ್ ಗರಿಷ್ಠ 45 ದಿನದಲ್ಲಿ ಬರಬೇಕು. 15 ದಿನದೊಳಗೆ ಕಚೇರಿ ಲಿಖಿತ ಆಕ್ಷೇಪ ಎತ್ತದಿದ್ದರೆ ಸೇವೆ ಒಪ್ಪಿಕೊಂಡಂತೆ. ದಿನ ಎಣಿಸುವುದಕ್ಕೆ ಆ ಸೀಲಿನ ದಿನಾಂಕವೇ ಆಧಾರ.